ಅರಬ್ ಹಳ್ಳಿಯ ಹೆಂಗಸರ ನಡುವೆ ಬಾಳಿದ ಹೊರಗಿನವಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು ನೂರು ವರ್ಷಗಳ ಹಿಂದೆ ಫಿನ್ಲೆಂಡಿನ ಒಬ್ಬ ಹೆಣ್ಣುಮಗಳು ಪ್ಯಾಲೆಸ್ಟೈನಿನ ಒಂದು ಸಣ್ಣ ಹಳ್ಳಿಗೆ ಹೋಗಿ, ಅಲ್ಲಿನ ಹೆಂಗಸರ ಜೊತೆ ಕುಳಿತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡಳು. ಆ ಕೆಲಸದ ಬಗ್ಗೆ ಮಾತು ಬಂದಾಗಲೆಲ್ಲ ಕನ್ನಡದ ಓದುಗರು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಅವುಗಳಿಗೆ ಆದಷ್ಟು ವಿವರವಾಗಿ ಇಲ್ಲಿ ಉತ್ತರಿಸಿದ್ದೇನೆ. ಅಗತ್ಯವಿರುವ ಕಡೆ ಇರಾಕ್ ಮತ್ತು ಈಜಿಪ್ಟಿನಲ್ಲಿ ಅಂಥದೇ ಕೆಲಸ ಮಾಡಿದವರನ್ನೂ ನೆನೆದಿದ್ದೇನೆ.

ಆ ಹಳ್ಳಿ ಯಾವುದು, ಅಲ್ಲಿಗೆ ಹೋದವರು ಯಾರು?

ಹಳ್ಳಿಯ ಹೆಸರು ಅರ್ತಾಸ್. ಬೆತ್ಲೆಹೆಮ್ ಪಟ್ಟಣದಿಂದ ನೈಋತ್ಯಕ್ಕೆ ಎರಡು ಮೂರು ಕಿಲೋಮೀಟರ್ ನಡೆದರೆ ಸಿಗುವ ಕಣಿವೆಯಲ್ಲಿ, ಸೊಲೊಮೋನನ ಕೊಳಗಳೆಂದು ಕರೆಯುವ ಮೂರು ದೊಡ್ಡ ಕಲ್ಲಿನ ಕೆರೆಗಳ ಕೆಳಭಾಗದಲ್ಲಿ ಇದೆ. ಸುತ್ತಮುತ್ತಲಿನ ಗುಡ್ಡಗಳು ಒಣಗಿದ್ದರೂ ಊರಿನ ಒರತೆಯ ನೀರಿನಿಂದಾಗಿ ಕಣಿವೆಯ ತಳ ಹಸಿರಾಗಿರುತ್ತದೆ. ತೋಟ ಎಂಬ ಅರ್ಥದ ಲ್ಯಾಟಿನ್ ಪದ ‘ಹೋರ್ಟಸ್’ನಿಂದಲೇ ಈ ಊರಿಗೆ ಹೆಸರು ಬಂದಿತೆಂದು ಹೇಳುವುದುಂಟು.

ಹೋದವರು ಹಿಲ್ಮಾ ಗ್ರಾನ್‌ಕ್ವಿಸ್ಟ್. 1890ರಲ್ಲಿ ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತನಾಡುವ ಕುಟುಂಬದಲ್ಲಿ ಹುಟ್ಟಿದ ಇವರು 1925ರಿಂದ 1927ರವರೆಗೆ ಒಮ್ಮೆ, ಮತ್ತೆ 1930 ಮತ್ತು 1931ರಲ್ಲಿ ಇನ್ನೊಮ್ಮೆ ಅರ್ತಾಸಿನಲ್ಲಿ ನೆಲೆಸಿದ್ದರು. ಆಗ ಪ್ಯಾಲೆಸ್ಟೈನ್ ಬ್ರಿಟಿಷರ ಆಡಳಿತದಲ್ಲಿತ್ತು.

ಅವರು ಅಲ್ಲಿಗೆ ಹೋದದ್ದು ಏಕೆ?

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಹೆಂಗಸರ ಬಗ್ಗೆ ಅಧ್ಯಯನ ಮಾಡಬೇಕೆಂಬುದು ಅವರ ಮೊದಲ ಉದ್ದೇಶವಾಗಿತ್ತು. ಆ ಕಾಲದ ಯುರೋಪಿನ ವಿದ್ವಾಂಸರಲ್ಲಿ ಪ್ಯಾಲೆಸ್ಟೈನಿನ ರೈತರು ಸಾವಿರಾರು ವರ್ಷಗಳಿಂದ ಸ್ವಲ್ಪವೂ ಬದಲಾಗಿಲ್ಲವೆಂಬ ನಂಬಿಕೆ ಬಲವಾಗಿತ್ತು. ಇಂದಿನ ರೈತ ಹೆಂಗಸನ್ನು ನೋಡಿದರೆ ರೂತಳನ್ನೋ ರಾಹೇಲಳನ್ನೋ ನೋಡಿದಂತೆಯೇ ಎಂದು ಅವರು ಬರೆಯುತ್ತಿದ್ದರು. ಗ್ರಾನ್‌ಕ್ವಿಸ್ಟ್ ಕೂಡ ಅದೇ ಕನ್ನಡಕ ಹಾಕಿಕೊಂಡು ಹೋದವರು. ಆದರೆ ಊರಿಗೆ ಹೋದ ಮೇಲೆ, ಎದುರಿಗೆ ಕುಳಿತು ಮಾತನಾಡುತ್ತಿರುವ ಜೀವಂತ ಹೆಂಗಸನ್ನು ಬಿಟ್ಟು ಅವಳ ಬೆನ್ನ ಹಿಂದೆ ಪುರಾಣದ ನೆರಳನ್ನು ಹುಡುಕುವುದು ತಪ್ಪೆಂದು ಅವರಿಗೆ ಮನವರಿಕೆಯಾಯಿತು. ಒಂದೇ ಹಳ್ಳಿಯನ್ನು ಹಿಡಿದು, ಅಲ್ಲಿನ ಒಂದೊಂದು ಮನೆತನದ ವಂಶಾವಳಿಯನ್ನೂ ಸುಮಾರು ನೂರು ವರ್ಷ ಹಿಂದಕ್ಕೆ ಬರೆದು, ಯಾರು ಯಾರನ್ನು ಮದುವೆಯಾದರು, ತೆರ (ಹೆಣ್ಣಿಗಾಗಿ ಗಂಡಿನ ಕಡೆಯವರು ಕೊಡುವ ಹಣ) ಎಷ್ಟಾಯಿತು, ಯಾವ ಮಗು ಉಳಿಯಿತು, ಯಾವುದು ಹೋಯಿತು ಎಂದು ಲೆಕ್ಕ ಹಾಕುವ ಕೆಲಸಕ್ಕೆ ಅವರು ಕೂತರು. ನನ್ನ ಮಟ್ಟಿಗೆ ಅವರ ಹಿರಿಮೆ ಇರುವುದು ಹೀಗೆ ಮನಸ್ಸು ಬದಲಿಸಿಕೊಂಡದ್ದರಲ್ಲಿ.

ಹೊರಗಿನವಳನ್ನು ಹಳ್ಳಿಯ ಹೆಂಗಸರು ಹೇಗೆ ಒಳಗೆ ಬಿಟ್ಟುಕೊಂಡರು?

ಅವರಿಗಿಂತ ಮೊದಲೇ ಒಬ್ಬರು ದಾರಿ ಮಾಡಿಟ್ಟಿದ್ದರು. ಅಲ್ಸೇಸ್ ಪ್ರದೇಶದಿಂದ ಬಂದ ಮಿಷನರಿ ಕುಟುಂಬದ ಮಗಳು ಲೂಯಿಸ್ ಬಾಲ್ಡೆನ್ಸ್‌ಪರ್ಗರ್ ಪ್ಯಾಲೆಸ್ಟೈನಿನಲ್ಲೇ ಹುಟ್ಟಿ ಬೆಳೆದು, ಅರ್ತಾಸಿನಲ್ಲಿ ಮನೆ ಮಾಡಿಕೊಂಡು ವಯಸ್ಸಾದವರು. ಊರಿನ ಅರಬ್ಬಿ ಮಾತು ಅವರ ಬಾಯಲ್ಲಿ ಊರವರಂತೆಯೇ ಬರುತ್ತಿತ್ತು. ಗಿಡಮೂಲಿಕೆಗಳನ್ನು ಬಲ್ಲವರಾಗಿದ್ದರು, ಹಳ್ಳಿಯ ಮಕ್ಕಳು ಅವರ ಕಣ್ಣೆದುರಿಗೇ ದೊಡ್ಡವರಾಗಿದ್ದರು. ಗ್ರಾನ್‌ಕ್ವಿಸ್ಟ್ ಇಳಿದುಕೊಂಡದ್ದು ಅವರ ಮನೆಯಲ್ಲಿ. ಅಲ್ಲಿಗೆ ಊರಿನ ವಯಸ್ಸಾದ ಇಬ್ಬರು ಹೆಂಗಸರು ಬಂದು ಕುಳಿತು ಹೇಳುತ್ತಿದ್ದರು, ಹಾಡುತ್ತಿದ್ದರು, ಹಳೆಯ ಮದುವೆಗಳನ್ನೂ ಸಾವುಗಳನ್ನೂ ನೆನೆಯುತ್ತಿದ್ದರು. ಗ್ರಾನ್‌ಕ್ವಿಸ್ಟ್ ಅದನ್ನು ಅರಬ್ಬಿಯಲ್ಲೇ, ಉಚ್ಚಾರ ಕೆಡದಂತೆ ಬರೆದುಕೊಳ್ಳುತ್ತಿದ್ದರು. ಇಂದು ನಾವು ‘ಗ್ರಾನ್‌ಕ್ವಿಸ್ಟರ ಸಂಶೋಧನೆ’ ಎನ್ನುವುದರಲ್ಲಿ ಬಹುಪಾಲು, ಅಕ್ಷರ ಬಾರದ ಆ ಇಬ್ಬರು ಹಿರಿಯರ ನೆನಪಿನ ಸಂಪತ್ತು. ಅವರು ಬಾಯಿ ಬಿಡದೆ ಹೋಗಿದ್ದರೆ ಪುಟಗಳು ಖಾಲಿಯಾಗಿರುತ್ತಿದ್ದವು.

ಊರಿನವರು ಅವರನ್ನು ಏನೆಂದು ಕರೆಯುತ್ತಿದ್ದರು?

‘ಸಿತ್ತ್ ಹಲೀಮೆ’ ಎಂದು. ಸಿತ್ತ್ ಎಂದರೆ ನಮ್ಮ ‘ಅಮ್ಮನವರು’ ಎನ್ನುವ ಹಾಗೆ ಗೌರವದ ಮಾತು. ಹಿಲ್ಮಾ ಎಂಬ ಪರಕೀಯ ಹೆಸರು ನಾಲಿಗೆಗೆ ಒಗ್ಗುವಂತೆ ಹಲೀಮೆಯಾಯಿತು. ಪ್ರವಾದಿ ಮಹಮ್ಮದರಿಗೆ ಎಳವೆಯಲ್ಲಿ ಹಾಲೂಡಿಸಿದ ತಾಯಿಯ ಹೆಸರೂ ಅದೇ ಆದ್ದರಿಂದ ಮುಸ್ಲಿಂ ಹಳ್ಳಿಯೊಂದರಲ್ಲಿ ಅದು ತೀರ ಆಪ್ತವಾದ ಹೆಸರು.

ಒಬ್ಬಳೇ ಬಂದ ಹೆಣ್ಣನ್ನು ಅನುಮಾನದಿಂದ ನೋಡುತ್ತಿರಲಿಲ್ಲವೇ?

ನೋಡುತ್ತಿದ್ದರು, ಮತ್ತು ಅದಕ್ಕೆ ಅವರದೇ ಆದ ನ್ಯಾಯವಿತ್ತು. ಇದನ್ನು ಬಹಳ ಚೆನ್ನಾಗಿ ತೋರಿಸುವುದು ಅಮೆರಿಕದ ಮಾನವಶಾಸ್ತ್ರಜ್ಞೆ ಲೈಲಾ ಅಬು-ಲುಘೋದ್ ಅವರ ಅನುಭವ. 1978ರಲ್ಲಿ ಈಜಿಪ್ಟಿನ ಪಶ್ಚಿಮ ಮರುಭೂಮಿಯ ಔಲಾದ್ ಅಲಿ ಎಂಬ ಬೆದುಯಿನ್ ಸಮುದಾಯದ ನಡುವೆ ಇರಲು ಹೊರಟಾಗ, ಪ್ಯಾಲೆಸ್ಟೈನ್ ಮೂಲದವರಾದ ಅವರ ತಂದೆ ತಾವೂ ಜೊತೆಗೆ ಬರುತ್ತೇನೆಂದು ಪಟ್ಟು ಹಿಡಿದರು. ಸಂಶೋಧನೆಗೆ ಅಪ್ಪನ ಕೈ ಹಿಡಿದು ಹೋಗುವುದು ಆಕೆಗೆ ಮೊದಲು ಮುಜುಗರ ತಂದಿತ್ತು. ತಂದೆ ಬಂದು, ಆ ಮನೆಯ ಯಜಮಾನರ ಜೊತೆ ಮಾತನಾಡಿ, ಮಗಳನ್ನು ಒಪ್ಪಿಸಿ ಹೋದ ಮೇಲೆ, ಅದರ ಬೆಲೆ ಅವರಿಗೆ ನಿಧಾನವಾಗಿ ಅರ್ಥವಾಯಿತು. ಹಿಂದೆ ಮುಂದೆ ಯಾರೂ ಇಲ್ಲದೆ ಅಲೆಯುವ ಹುಡುಗಿಯನ್ನು ಮನೆಯವರೇ ಕೈಬಿಟ್ಟಿರಬೇಕೆಂದೇ ಆ ಸಮಾಜ ತಿಳಿಯುತ್ತದೆ. ತಂದೆ ಬಂದು ಬಿಟ್ಟುಹೋದ ಮಗಳಾದರೆ ಆತಿಥ್ಯ ಕೊಟ್ಟ ಮನೆಯ ಮಗಳೇ ಆಗುತ್ತಾಳೆ. ಅವಳ ರಕ್ಷಣೆ ಅವರ ಹೊಣೆ, ಅವಳ ನಡತೆ ಅವರ ಮಾನ. ನಮ್ಮ ಹಳ್ಳಿಗಳಲ್ಲೂ ಹೊಸಬರನ್ನು ಕಂಡ ಕೂಡಲೇ ‘ಯಾರ ಪೈಕಿ?’ ಎಂದು ಕೇಳುವುದು ಇದೇ ಅರ್ಥದಲ್ಲಿ.

ಹೆಂಗಸರು ಹೊರಗಿನವಳನ್ನು ಕಂಡು ಏನೆಂದುಕೊಂಡರು?

ಹೆಚ್ಚಿನ ಸಲ ಕನಿಕರಪಟ್ಟರು. 1956ರಲ್ಲಿ ಹೊಸದಾಗಿ ಮದುವೆಯಾಗಿದ್ದ ಅಮೆರಿಕದ ಎಲಿಜಬೆತ್ ಫರ್ನಿಯಾ, ಮಾನವಶಾಸ್ತ್ರಜ್ಞರಾದ ಗಂಡನೊಡನೆ ದಕ್ಷಿಣ ಇರಾಕಿನ ಶಿಯಾ ಹಳ್ಳಿಯೊಂದಕ್ಕೆ ಹೋಗಿ, ಕಪ್ಪು ಅಬಾಯಾ ತೊಟ್ಟು ಎರಡು ವರ್ಷ ಬಾಳಿದರು. ತಾವು ಓದಿದವರು, ಸ್ವತಂತ್ರರು, ಹಳ್ಳಿಯವರು ತಮ್ಮನ್ನು ಮೆಚ್ಚಬಹುದು ಎಂದುಕೊಂಡು ಹೋದವರಿಗೆ ಎದುರಾದದ್ದು ಬೇರೆಯೇ ಪ್ರಶ್ನೆಗಳು. ನಿನ್ನ ತಾಯಿ ಎಲ್ಲಿ? ಮಕ್ಕಳೇಕೆ ಇಲ್ಲ? ಮೈಮೇಲೆ ಚಿನ್ನವೇಕೆ ಇಲ್ಲ? ತಾಯಿ, ಅಕ್ಕತಂಗಿಯರು, ಮಕ್ಕಳು, ಸಂಕಟ ಬಂದರೆ ಮಾರಿಕೊಳ್ಳಬಹುದಾದ ಒಡವೆ, ಇವೇ ಹೆಣ್ಣಿನ ಆಸ್ತಿ ಎಂದು ತಿಳಿದವರಿಗೆ ಇವು ಯಾವುದೂ ಇಲ್ಲದ ಅತಿಥಿ ಬಡವಳಾಗಿ ಕಂಡದ್ದು ಸಹಜ. ಹೊರಗಿನವಳು ಅವರನ್ನು ಅಳೆಯುತ್ತಿದ್ದಾಗ ಅವರೂ ಅವಳನ್ನು ತಮ್ಮ ಸೇರಿನಲ್ಲಿ ಅಳೆಯುತ್ತಿದ್ದರು. ಈ ಎರಡನೆಯ ಅಳತೆ ದಾಖಲಾಗಿರುವ ಬರಹಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಇದೇ ಕೆಲಸವನ್ನು ಗಂಡಸರು ಮಾಡಬಹುದಿತ್ತಲ್ಲವೇ?

ಅರಬ್ ಹಳ್ಳಿಯಲ್ಲಿ ಹೊರಗಿನ ಗಂಡಸಿಗೆ ಸಿಗುತ್ತಿದ್ದದ್ದು ‘ಮದಾಫಾ’, ಅಂದರೆ ಗಂಡಸರು ಸೇರುವ ಅತಿಥಿ ಚಾವಡಿ. ಅಲ್ಲಿ ಕಾಫಿ, ವ್ಯಾಜ್ಯ, ನೆಲದ ಮಾತು ಎಲ್ಲವೂ ಇರುತ್ತಿತ್ತು. ಹೆರಿಗೆಯ ಕೋಣೆಯಾಗಲಿ ರೊಟ್ಟಿ ಸುಡುವ ಗುಡಿಸಲಾಗಲಿ ಇರುತ್ತಿರಲಿಲ್ಲ. ಇದು ಅರಬ್ ನಾಡಿಗಷ್ಟೇ ಸೀಮಿತವಾದ ಮಾತಲ್ಲ. ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ರಾಮಪುರದಲ್ಲಿದ್ದಾಗ, ಅಷ್ಟು ಸೂಕ್ಷ್ಮ ಕಣ್ಣಿನವರಾಗಿದ್ದರೂ, ಗಂಡಸಾದ ಅವರಿಗೆ ಹೆಂಗಸರ ಲೋಕ ದೂರವೇ ಉಳಿಯಿತು.

ಅರ್ತಾಸಿನ ಹೆಂಗಸರು ಮನೆಯೊಳಗೇ ಇರುತ್ತಿದ್ದರೇ?

ಇಲ್ಲ. ಗೋಷಾ ಎಂಬುದು ಕೆಲಸದಾಳುಗಳನ್ನು ಇಟ್ಟುಕೊಳ್ಳಬಲ್ಲ ಪಟ್ಟಣದ ಸ್ಥಿತಿವಂತರ ಪದ್ಧತಿ. ರೈತ ಹೆಂಗಸು ಒರತೆಯಿಂದ ನೀರು ಹೊತ್ತು ತರಬೇಕು, ಗುಡ್ಡದಿಂದ ಸೌದೆ ತರಬೇಕು, ಆಲಿವ್ ಕೊಯ್ಲಿಗೆ ಹೋಗಬೇಕು, ತೋಟದ ತರಕಾರಿಯನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಬೆತ್ಲೆಹೆಮಿನ ಪೇಟೆಗೆ ಹೋಗಿ ಮಾರಿ ಬರಬೇಕು.

ಅವರ ದಿನದ ಕೇಂದ್ರವಾಗಿದ್ದ ‘ತಾಬೂನ್’ ಎಂಬ ಒಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊಣಕಾಲೆತ್ತರವೂ ಇಲ್ಲದ ಮಣ್ಣಿನ ಗುಮ್ಮಟ, ಅದರ ನೆತ್ತಿಯಲ್ಲಿ ಒಂದು ಬಾಯಿ, ಬಾಯಿಗೆ ಮುಚ್ಚಳ, ಒಳಗಿನ ನೆಲದಲ್ಲಿ ಹರಡಿದ ಸಣ್ಣ ಬೆಣಚುಕಲ್ಲುಗಳು. ಬೆಂಕಿ ಒಳಗಿರುವುದಿಲ್ಲ, ಗುಮ್ಮಟದ ಹೊರಮೈಗೆ ಸಗಣಿ ಮತ್ತು ಹೊಟ್ಟನ್ನು ಮೆತ್ತಿ, ಬೂದಿ ಮುಚ್ಚಿ, ರಾತ್ರಿಯೆಲ್ಲ ಹೊಗೆಯಾಡುವಂತೆ ಬಿಡುತ್ತಾರೆ. ಬೆಳಗ್ಗೆ ಹೆಂಗಸು ಬೂದಿ ಸರಿಸಿ, ಮುಚ್ಚಳ ತೆಗೆದು, ಕಾದ ಕಲ್ಲುಗಳ ಮೇಲೆ ಹಿಟ್ಟಿನ ಹಾಳೆಯನ್ನು ಹಾಸುತ್ತಾಳೆ. ರೊಟ್ಟಿ ಮೇಲಕ್ಕೆ ಬಂದಾಗ ಅದರ ಅಡಿಯಲ್ಲಿ ಕಲ್ಲುಗಳ ಗುಳಿ ಗುಳಿ ಗುರುತು ಇರುತ್ತದೆ. ಒಲೆಯ ಗುಡಿಸಲು ತೀರ ತಗ್ಗಾದದ್ದು, ಬೆಚ್ಚಗಿನದು, ಹೊಗೆಯಿಂದ ಕಪ್ಪಾದದ್ದು. ಸರದಿಗೆ ಕಾಯುತ್ತ ಕುಳಿತ ಹೆಂಗಸರ ಬಾಯಲ್ಲಿ ಊರಿನ ಸುದ್ದಿಯೆಲ್ಲ ಅಲ್ಲಿ ತೆರೆದುಕೊಳ್ಳುತ್ತಿತ್ತು. ಗಂಡಸರ ಚಾವಡಿಯಲ್ಲಿ ತೀರ್ಮಾನವಾಗುವ ಸಂಬಂಧಗಳ ಒಳಗುಟ್ಟು ಅದಕ್ಕೆ ಮೊದಲೇ ಇಲ್ಲಿ ಗೊತ್ತಿರುತ್ತಿತ್ತು.

ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನು ಮದುವೆಯಾಗುವುದು ನಿಜವೇ?

ನಿಜ, ಮತ್ತು ಕನ್ನಡದ ಓದುಗರಲ್ಲಿ ಅನೇಕರು ಇಲ್ಲಿಗೆ ಬಂದಾಗ ಬೆಚ್ಚಿಬೀಳುತ್ತಾರೆ. ನಮ್ಮಲ್ಲಿ ಬಹಳಷ್ಟು ಸಮುದಾಯಗಳಿಗೆ ಸೋದರಮಾವನ ಮಗಳು, ಸೋದರತ್ತೆಯ ಮಗಳು ಸಲ್ಲುವ ಸಂಬಂಧ. ಚಿಕ್ಕಪ್ಪನ ಮಗಳು ತಂಗಿಯೇ. ಅರಬ್ ಹಳ್ಳಿಯಲ್ಲಿ ಅದೇ ಚಿಕ್ಕಪ್ಪನ ಮಗಳು, ‘ಬಿಂತ್ ಅಮ್’, ಎಲ್ಲರಿಗಿಂತ ಮೊದಲು ಸಲ್ಲುವವಳು. ಅವಳ ಮೇಲೆ ಹುಡುಗನಿಗಿರುವ ಹಕ್ಕು ಎಷ್ಟೆಂದರೆ, ಬೇರೆಯವನಿಗೆ ಮದುವೆಯಾಗಿ ದಿಬ್ಬಣ ಹೊರಟ ಮೇಲೂ ಕುದುರೆಯ ಬೆನ್ನಿನಿಂದ ಅವಳನ್ನು ಇಳಿಸಿಕೊಳ್ಳಬಹುದೆಂಬ ಗಾದೆಯಿದೆ. ನಮ್ಮ ಸೋದರ ಸಂಬಂಧದ ಹಟ, ಮುನಿಸು, ‘ನಮ್ಮ ಹುಡುಗಿಯನ್ನು ಹೊರಗೆ ಹೇಗೆ ಕೊಟ್ಟಿರಿ’ ಎಂಬ ಜಗಳಗಳನ್ನು ಕಂಡವರಿಗೆ ಆ ಗಾದೆಯ ಬಿಸಿ ಚೆನ್ನಾಗಿ ತಿಳಿಯುತ್ತದೆ.

ಆದರೆ ಗಾದೆ ಬೇರೆ, ಲೆಕ್ಕ ಬೇರೆ. ಗ್ರಾನ್‌ಕ್ವಿಸ್ಟ್ ಮದುವೆಗಳನ್ನು ಒಂದೊಂದಾಗಿ ಎಣಿಸಿದಾಗ, ಬೇರೆ ಮನೆತನಗಳಿಂದ, ಬೇರೆ ಊರುಗಳಿಂದಲೂ ಬಂದ ಸೊಸೆಯರು ಅರ್ತಾಸಿನಲ್ಲಿ ಬಹಳ ಇದ್ದರು. ಎರಡು ಮನೆಗಳು ಹೆಣ್ಣುಗಳನ್ನು ಪರಸ್ಪರ ಕೊಟ್ಟು ತಂದುಕೊಳ್ಳುವ ಸಂಬಂಧವೂ ಇತ್ತು. ಅದಕ್ಕೆ ಅರಬ್ಬಿಯಲ್ಲಿ ‘ಬದಲ್’ ಎನ್ನುತ್ತಾರೆ. ನಾವು ದಿನವೂ ಆಡುವ ‘ಬದಲು’ ಎಂಬ ಪದದ ಮೂಲವೂ ಇದೇ. ತೆರ ಕೊಡಲಾಗದ ಬಡವರಿಗೆ ಅದು ಅನುಕೂಲ. ಆದರೆ ಒಂದು ಮನೆಯ ಸೊಸೆ ಮುನಿಸಿಕೊಂಡು ತವರಿಗೆ ಹೋದರೆ, ಇನ್ನೊಂದು ಮನೆಯಲ್ಲಿ ನೆಮ್ಮದಿಯಾಗಿದ್ದವಳೂ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು.

ಮದುವೆಯಾದ ಹೆಣ್ಣಿಗೆ ತವರಿನ ಬೆಂಬಲ ಇತ್ತೇ?

ಇತ್ತು, ಮತ್ತು ಅವಳ ಇಡೀ ಬಾಳು ನಿಂತಿದ್ದದ್ದು ಅದರ ಮೇಲೆ. ಗಂಡನ ಮನೆಯಲ್ಲಿ ಅವಮಾನವಾದರೆ ಹೆಂಡತಿ ಎದ್ದು ತಂದೆಯ ಮನೆಗೋ ಅಣ್ಣನ ಮನೆಗೋ ಹೋಗಿಬಿಡುತ್ತಿದ್ದಳು. ಹಾಗೆ ಮುನಿದು ಬಂದವಳಿಗೆ ‘ಹರ್ದಾನೆ’ ಎಂಬ ಹೆಸರೇ ಇತ್ತು. ಅಲ್ಲಿ ಅವಳು ಕೈಕಟ್ಟಿ ಕುಳಿತರೆ ಗಂಡನ ಮನೆಯ ನೀರು, ರೊಟ್ಟಿ, ಮಕ್ಕಳು ಎಲ್ಲವೂ ನಿಂತುಹೋಗುತ್ತಿದ್ದವು. ಗಂಡ ಹಿರಿಯರನ್ನು ಕರೆದುಕೊಂಡು ಬಂದು, ಮಾತಾಡಿ, ಸಮಾಧಾನ ಮಾಡಿ ಕರೆದೊಯ್ಯಬೇಕಿತ್ತು. ಗಂಡನೇ ಸರ್ವಸ್ವ, ಹೆಣ್ಣಿಗೆ ಬಾಯಿಲ್ಲ ಎಂಬ ಚಿತ್ರದಲ್ಲಿ ಈ ಹರ್ದಾನೆಗೆ ಜಾಗವಿಲ್ಲ.

ಈ ಬಾಗಿಲು ತೆರೆದಿರಲು ಅವಳು ಕೊಡುತ್ತಿದ್ದ ಬೆಲೆಯನ್ನೂ ಹೇಳಬೇಕು. ಇಸ್ಲಾಮಿನ ಕಾನೂನು ಮಗಳಿಗೆ ಮಗನ ಪಾಲಿನ ಅರ್ಧದಷ್ಟನ್ನು ಕೊಡುತ್ತದೆ. ಹಳ್ಳಿಯಲ್ಲಿ ಬಹಳ ಹೆಂಗಸರು ಆ ಪಾಲನ್ನು ಕೇಳದೆ ಸಹೋದರರಿಗೇ ಬಿಟ್ಟುಕೊಡುತ್ತಿದ್ದರು. ಪಾಲು ಕೇಳಿದವಳಿಗೆ ತವರಿನ ದಾರಿ ಮುಚ್ಚುತ್ತದೆಂಬ ಭಯ ಇದ್ದೇ ಇರುತ್ತಿತ್ತು. ಇದಲ್ಲದೆ, ಮದುವೆಯಲ್ಲಿ ಗಂಡಿನ ಕಡೆಯಿಂದ ಅವಳಿಗೆಂದು ಬಂದ ‘ಮಹರ್’ ಹಣದ ದೊಡ್ಡ ಭಾಗವನ್ನು ತಂದೆ ಎಷ್ಟೋ ಸಲ ಅವಳ ಅಣ್ಣನ ಮದುವೆಗೆ ಬಳಸುತ್ತಿದ್ದನು. ಆದ್ದರಿಂದಲೇ ಹಬ್ಬದಲ್ಲಿ ಉಡುಗೊರೆ ಹಿಡಿದು ಬರುವ ಅಣ್ಣನನ್ನು ಅವಳು ಹೆಮ್ಮೆಯಿಂದ ಬರಮಾಡಿಕೊಳ್ಳುತ್ತಿದ್ದಳು. ಅದು ಅವಳ ಹಕ್ಕಿನ ಬಾಕಿಯೂ ಆಗಿತ್ತು. ಗೌರಿ ಹಬ್ಬಕ್ಕೆ ತವರಿನ ಬಾಗಿನಕ್ಕಾಗಿ ದಾರಿ ಕಾಯುವ, ಕೋರ್ಟಿನಲ್ಲಿ ಪಾಲು ಕೇಳಲು ಇಂದಿಗೂ ಹಿಂಜರಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸವತಿಯರ ಬಗ್ಗೆ?

ಇದ್ದರು, ಆದರೆ ಎಲ್ಲ ಮನೆಗಳಲ್ಲೂ ಅಲ್ಲ. ಅರಬ್ಬಿಯಲ್ಲಿ ಸವತಿಗೆ ಹೇಳುವ ‘ದರ್ರಾ’ ಎಂಬ ಪದ ಕೇಡು, ಹಾನಿ ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಹೆಂಗಸರ ಅಭಿಪ್ರಾಯ ಆ ಪದದಲ್ಲೇ ಇದೆ.

ಹೆರಿಗೆ, ಬಾಣಂತನ, ಹೆಸರಿಡುವುದು ಹೇಗಿತ್ತು?

ಈ ವಿಷಯದಲ್ಲಿ ಗ್ರಾನ್‌ಕ್ವಿಸ್ಟ್ ಬರೆದಷ್ಟು ವಿವರವಾಗಿ ಆ ಕಾಲದಲ್ಲಿ ಬರೆದವರು ತೀರ ಕಡಿಮೆ. ಸೂಲಗಿತ್ತಿ ಹುಟ್ಟಿದ ಮಗುವಿನ ಮೈಗೆ ಎಣ್ಣೆ ಮತ್ತು ಉಪ್ಪನ್ನು ಉಜ್ಜಿ, ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಿದ್ದಳು; ಉಪ್ಪು ಚರ್ಮವನ್ನು ಗಟ್ಟಿ ಮಾಡುತ್ತದೆಂಬ ನಂಬಿಕೆ. ಬಾಣಂತಿಗೆ 40 ದಿನಗಳ ಸೂಕ್ಷ್ಮಕಾಲ. ಕೆಟ್ಟ ಕಣ್ಣಿಗೆ ನೀಲಿ ಮಣಿ.

ಹೆಸರುಗಳಲ್ಲಿ ನನ್ನನ್ನು ಬಹಳ ಕಾಡಿದ ಒಂದು ಬಗೆಯಿದೆ. ಸಾಲಾಗಿ ಹೆಣ್ಣು ಹುಟ್ಟಿದಾಗ ಪ್ಯಾಲೆಸ್ಟೈನಿನ ಹಳ್ಳಿಗಳಲ್ಲಿ ಮಗುವಿಗೆ ‘ಕಿಫಾಯಾ’ ಎಂದು ಹೆಸರಿಡುವುದುಂಟು. ಅದರ ಅರ್ಥ ‘ಸಾಕು’. ಇತ್ತ ನಮ್ಮ ಹಳ್ಳಿಗಳಲ್ಲಿ ಸಾಕಮ್ಮ ಎಂಬ ಹೆಸರಿನ ಎಷ್ಟು ಅಜ್ಜಿಯರನ್ನು ನಾವು ನೋಡಿಲ್ಲ! ಸಮುದ್ರದಾಚೆಯ ಎರಡು ನಾಡುಗಳ ಹೆಣ್ಣುಮಕ್ಕಳು ಒಂದೇ ನಿಟ್ಟುಸಿರನ್ನು ಹೆಸರಾಗಿ ಹೊತ್ತು, ಬದುಕಿಡೀ ಅದಕ್ಕೆ ಓಗೊಟ್ಟು ಬಾಳಿದ್ದಾರೆ. ಹಾಗೆಯೇ ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲೆಂದು ಹೀನವಾದ ಹೆಸರಿಡುವ ಪದ್ಧತಿಯೂ ಎರಡೂ ಕಡೆ ಇದೆ. ನಮ್ಮ ತಿಪ್ಪಣ್ಣ, ತಿಪ್ಪಮ್ಮಂದಿರನ್ನು ನೆನೆಯಬಹುದು.

ಮದುವೆಯ ದಿನ ಹೆಂಗಸರ ಪಾತ್ರ ಏನು?

ಹಾಡು ಅವರದು, ‘ಝಗಾರೀತ್’ ಎಂಬ, ನಾಲಿಗೆಯನ್ನು ಆಡಿಸುತ್ತ ಎತ್ತರದ ದನಿಯಲ್ಲಿ ಎಬ್ಬಿಸುವ ಉಲಿ ಅವರದು. ಗಂಡನ ಮನೆಯ ಬಾಗಿಲಿಗೆ ಬಂದ ವಧುವಿನ ಕೈಗೆ ಹುಳಿ ಬಂದ ಹಿಟ್ಟಿನ ಮುದ್ದೆಯನ್ನು ಹಸಿರು ಎಲೆಯ ಜೊತೆ ಕೊಡುತ್ತಾರೆ. ಅವಳು ಅದನ್ನು ಬಾಗಿಲ ಚೌಕಟ್ಟಿನ ಮೇಲ್ಭಾಗಕ್ಕೆ ಒತ್ತಿ ಅಂಟಿಸಬೇಕು. ಅಂಟಿಕೊಂಡರೆ ಬಾಳು ಗಟ್ಟಿ ಎಂದು ನಂಬಿಕೆ; ಬಿದ್ದರೆ ಸೇರಿದವರ ಮುಖ ಬಾಡುತ್ತದೆ. ಎಲ್ಲರ ಕಣ್ಣೂ ಆ ಹುಡುಗಿಯ ಅಂಗೈ ಮೇಲೆ ಇರುವ ಆ ಕ್ಷಣ, ಹೊಸ್ತಿಲ ಮೇಲಿನ ಸೇರಕ್ಕಿಯನ್ನು ಬಲಗಾಲಿನಿಂದ ಒದ್ದು ಒಳಬರುವ ನಮ್ಮ ಸೊಸೆಯ ಅಳುಕಿಗೆ ಬಹಳ ಹತ್ತಿರದ್ದು.

ಹೆಂಗಸರ ಗುಟ್ಟುಗಳನ್ನು ಬರೆದು ಪ್ರಕಟಿಸುವುದು ಸರಿಯೇ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಅತಿಥಿಯಾಗಿ ಬಂದವಳು ಉಂಡು, ಕೇಳಿ, ಊರಿಗೆ ಮರಳಿ, ಹೇಳಿದವರಿಗೆ ಓದಲು ಬಾರದ ಭಾಷೆಯಲ್ಲಿ ಅಚ್ಚು ಹಾಕಿಸುತ್ತಾಳೆ. ಔಲಾದ್ ಅಲಿ ಹೆಂಗಸರು ಹೊರಗೆ ಗಟ್ಟಿಯಾಗಿ, ಮಾನವಂತರಾಗಿ ನಡೆದುಕೊಳ್ಳುತ್ತಾರೆ. ‘ಘಿನ್ನಾವಾ’ ಎಂಬ ಎರಡು ಸಾಲಿನಷ್ಟು ಚಿಕ್ಕ ಹಾಡುಗಳಲ್ಲಿ ಮಾತ್ರ, ಅದೂ ಆಪ್ತರೆದುರು, ಪ್ರೀತಿ ಮತ್ತು ನೋವನ್ನು ಬಿಚ್ಚಿಡುತ್ತಾರೆ. ಅಬು-ಲುಘೋದ್ ಆ ಹಾಡುಗಳನ್ನು ಸಂಗ್ರಹಿಸಿದಾಗ, ಇವನ್ನು ಗಂಡಸರಿಗೆ ತೋರಿಸಬೇಡ ಎಂದು ಹೆಂಗಸರು ಎಚ್ಚರಿಸುತ್ತಿದ್ದರು. ನನ್ನ ನಿಲುವು ಇಷ್ಟು: ಹೆಂಗಸರು ಯಾರನ್ನು ಎಷ್ಟು ನಂಬಬೇಕೆಂದು ತಾವೇ ತೂಗಿ ಹೇಳುತ್ತಿದ್ದರು, ಹೇಳಬಾರದ್ದನ್ನು ಹೇಳದೆಯೂ ಉಳಿಸಿಕೊಂಡಿದ್ದಾರೆ. ಆದರೂ ಅಚ್ಚಾದ ಪುಸ್ತಕದ ಮೇಲೆ ಅವರಿಗೆ ಯಾವ ಹತೋಟಿಯೂ ಇರಲಿಲ್ಲವೆಂಬ ಕೊರತೆ ಇದರಿಂದ ತುಂಬುವುದಿಲ್ಲ.

ಗ್ರಾನ್‌ಕ್ವಿಸ್ಟರಿಗೆ ಅವರ ನಾಡಿನಲ್ಲಿ ಮನ್ನಣೆ ಸಿಕ್ಕಿತೇ?

ತಡವಾಗಿ, ಅದೂ ಅರೆಬರೆಯಾಗಿ. ಹೆಲ್ಸಿಂಕಿಯಲ್ಲಿ ಅವರ ಡಾಕ್ಟರೇಟ್ ಪ್ರಬಂಧಕ್ಕೆ ಒಪ್ಪಿಗೆ ಸಿಗಲಿಲ್ಲ. ಸಮಾಜಶಾಸ್ತ್ರಜ್ಞ ಎಡ್ವರ್ಡ್ ವೆಸ್ಟರ್‌ಮಾರ್ಕ್ ಅವರ ಬೆಂಬಲದಿಂದ ಫಿನ್ಲೆಂಡಿನದೇ ಆದ ಓಬೊ ಅಕಾಡೆಮಿ ಎಂಬ ವಿಶ್ವವಿದ್ಯಾಲಯ ಅದನ್ನು ಒಪ್ಪಿಕೊಂಡಿತು. ಮದುವೆಯ ಬಗ್ಗೆ ಎರಡು ಸಂಪುಟಗಳು 1931 ಮತ್ತು 1935ರಲ್ಲಿ, ಹುಟ್ಟು ಮತ್ತು ಬಾಲ್ಯದ ಬಗ್ಗೆ 1947 ಮತ್ತು 1950ರಲ್ಲಿ, ಸಾವು ಮತ್ತು ಮಣ್ಣು ಮಾಡುವುದರ ಬಗ್ಗೆ 1965ರಲ್ಲಿ ಬಂದವು. ವಿಶ್ವವಿದ್ಯಾಲಯದಲ್ಲಿ ಹುದ್ದೆಯಿಲ್ಲದೆ ಇಷ್ಟನ್ನು ಬರೆದು 1972ರಲ್ಲಿ ತೀರಿಕೊಂಡರು.

ಗಲ್ಫಿನ ಮನೆಗಳಲ್ಲಿ ದುಡಿಯುವ ನಮ್ಮ ಹೆಂಗಸರ ಅನುಭವವೂ ಇದೇ ಬಗೆಯದೇ?

ಅಲ್ಲ. ಕರಾವಳಿಯಿಂದಲೂ ಒಳನಾಡಿನಿಂದಲೂ ಮನೆಗೆಲಸಕ್ಕೆ, ಶುಶ್ರೂಷೆಗೆ ಹೋದವರು ಅರಬ್ ಹೆಂಗಸರ ನಡುವೆ ವರ್ಷಗಟ್ಟಲೆ ಬಾಳಿದ್ದಾರೆ, ಎಷ್ಟೋ ಸಂಶೋಧಕರಿಗಿಂತ ಹೆಚ್ಚು ಒಳಗಿನಿಂದ ನೋಡಿದ್ದಾರೆ. ಆದರೆ ಅತಿಥಿಗೆ ಬೇಕೆಂದಾಗ ಹೊರಡುವ ಸ್ವಾತಂತ್ರ್ಯವಿರುತ್ತದೆ. ಮಾಲೀಕನ ಪ್ರಾಯೋಜಕತ್ವದ ಮೇಲೆ ವೀಸಾ ನಿಂತಿರುವ ಕೆಲಸದವಳಿಗೆ ಅದು ಸುಲಭವಲ್ಲ. ಅವರು ಕಂಡದ್ದನ್ನು ಕನ್ನಡ, ತುಳು, ಬ್ಯಾರಿ, ಕೊಂಕಣಿ, ಉರ್ದುವಿನಲ್ಲಿ ಯಾರಾದರೂ ಕೂತು ಕೇಳಿ ಬರೆದುಕೊಳ್ಳಬೇಕೆಂಬುದು ನನ್ನ ತೀವ್ರವಾದ ಆಸೆ.

ಅರ್ತಾಸ್ ಈಗ ಹೇಗಿದೆ?

ಗ್ರಾನ್‌ಕ್ವಿಸ್ಟ್ 1959ರಲ್ಲಿ ಮತ್ತೊಮ್ಮೆ ಹೋದಾಗ ಊರು ಜೋರ್ಡಾನಿನ ಆಡಳಿತದಲ್ಲಿತ್ತು. 1967ರ ಯುದ್ಧದ ನಂತರ ಪಶ್ಚಿಮ ದಂಡೆಯ ಉಳಿದ ಊರುಗಳಂತೆ ಇಸ್ರೇಲಿನ ವಶಕ್ಕೆ ಹೋಯಿತು. ಹತ್ತಿರದ ಗುಡ್ಡಗಳ ಮೇಲೆ ಎಫ್ರಾತ್ ಎಂಬ ಇಸ್ರೇಲಿ ವಸಾಹತು ಎದ್ದಿದೆ. ಗ್ರಾನ್‌ಕ್ವಿಸ್ಟ್ ತೆಗೆದ ಸಾವಿರಕ್ಕೂ ಹೆಚ್ಚು ಚಿತ್ರಗಳು ಲಂಡನ್ನಿನ ಪ್ಯಾಲೆಸ್ಟೈನ್ ಎಕ್ಸ್‌ಪ್ಲೊರೇಶನ್ ಫಂಡ್ ಎಂಬ ಸಂಶೋಧನಾ ಸಂಸ್ಥೆಯಲ್ಲಿವೆ. ಕಸೂತಿಯ ನಿಲುವಂಗಿ ತೊಟ್ಟು, ನೀರಿನ ಕೊಡ ಹೊತ್ತು, ಕಣ್ಣು ಕಿರಿದು ಮಾಡಿ ಬಿಸಿಲಿಗೆ ನಿಂತ ಹೆಂಗಸರು ಅವುಗಳಲ್ಲಿದ್ದಾರೆ. ಊರಿನಲ್ಲಿ 1990ರ ದಶಕದಿಂದ ವಸಂತಕಾಲದಲ್ಲಿ ಲೆಟಿಸ್ ಸೊಪ್ಪಿನ ಹಬ್ಬ ನಡೆಯುತ್ತಿದೆ. ಆ ಸೊಪ್ಪು ಬೆಳೆಯುವುದು ಅದೇ ಕಣಿವೆಯ ತೋಟಗಳಲ್ಲಿ.